ದಂಡೆಯಲ್ಲಿ ನಿಲ್ಲದ ಮೇಡಂ

ಕಳೆದ ತಿಂಗಳು ಹೊಸಪೇಟೆಯ ನಮ್ಮ ಆಫೀಸಿನಲ್ಲಿ ಮೇಡಂಗೆ ಬೀಳ್ಕೊಡುಗೆ ಆಯಿತು. ಕಣ್ಣಿನ ಕಾರಣಕ್ಕೆ ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡಿದ್ದರು. ಮಾತಾಡಿದವರೆಲ್ಲ ಅವರನ್ನು ಶಾಂತ ಸ್ವಭಾವದವರು ಎಂದರು. ಬೀಳ್ಕೊಡುಗೆಯ ದಿನ ಎಲ್ಲರೂ ಶಾಂತ ಸ್ವಭಾವದವರೇ ಆಗಿಬಿಡುತ್ತಾರೆ. ಅವರು ಮಾತ್ರ ಅಷ್ಟು ಹೊತ್ತೂ ಶಾಲು ಹೊದ್ದು ಕಿಟಕಿಯ ಬಳಿ ನಿಂತೇ ಇದ್ದರು. ಅವರಿಗೆಂದು ಹೂವು ಸುತ್ತಿ ಇಟ್ಟಿದ್ದ ಕುರ್ಚಿಯಲ್ಲಿ ಕೊನೆಗೆ ಯಾರೋ ಕೇಕಿನ ಡಬ್ಬಿ ಇಟ್ಟರು. ಎರಡು ಮಾತು ಹೇಳಿ ಎಂದು ನನ್ನನ್ನೂ ಕರೆದರು. ಎರಡೇ ಮಾತು ಹೇಳಿ ಕೆಳಗಿಳಿದೆ. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಗಾಳಿಯಿಂದ ಕರೆಂಟು ಮಾಡುವ ಕಂಪನಿ. ಸಂಡೂರಿನಾಚೆಯ ಗುಡ್ಡಗಳ ಮೇಲೆ ಅದರ ಯಂತ್ರಗಳಿವೆ. ಸುತ್ತಲಿನ ಊರಿನವರು ಅವನ್ನು ಫ್ಯಾನು ಅನ್ನುತ್ತಾರೆ. ಮೇಡಂ ಅಲ್ಲಿ ಸೈಟ್ ಎಂಜಿನಿಯರ್. ಕಂಬದೊಳಗಿನ ಏಣಿ ಹತ್ತಿ ತುದಿಗೆ ಹೋಗಿ, ಬೋಲ್ಟು ಬಿಗಿಸಿ, ಮಧ್ಯಾಹ್ನದ ರೊಟ್ಟಿಯನ್ನು ಅಲ್ಲಿಯೇ ನಿಂತು ತಿಂದು ಇಳಿಯುತ್ತಿದ್ದರು. ನಾನು ಎಂ.ಎಸ್ಸಿ. ಮುಗಿಸಿ ಹೊಸಪೇಟೆ ಆಫೀಸಿಗೆ ಸೇರಿದವಳು. ಯಾವ ಯಂತ್ರ ಎಷ್ಟು ಗಾಳಿಗೆ ಎಷ್ಟು ತಿರುಗಿತು ಎಂದು ಕಂಪ್ಯೂಟರಿನಲ್ಲಿ ನೋಡುವುದು ನನ್ನ ಕೆಲಸ. ಸೇರಿದ ವಾರವೇ ಅವರು ನನ್ನ ಕುರ್ಚಿಯ ಹಿಂದೆ ಬಂದು ನಿಂತರು.

"ಇದು ಗಾಳಿ ಅಲ್ಲವ್ವ, ಗಾಳಿ ಫೋಟೋ. ಏಳು, ಗಾಳಿ ತೋರಿಸ್ತೀನಿ."

ಸಂಡೂರಿನ ದಾರಿಯಲ್ಲಿ ಅವರ ಜೀಪು ಅದಿರು ಲಾರಿಗಳ ನಡುವೆ ನುಸುಳಿಕೊಂಡು ಹೋಗುತ್ತಿತ್ತು. ಯಶವಂತನಗರದ ಹತ್ತಿರ ಗಣಿ ಕಂಪನಿಗಳ ಬಸ್ಸುಗಳು ಅಡ್ಡ ನಿಂತು, ಕೆಂಪು ಧೂಳಿನಲ್ಲಿ ಎಲ್ಲರೂ ಇಂಜಿನ್ ಆರಿಸಿ ಕಾಯುತ್ತಿದ್ದಾಗ ಅವರು ಜೀಪಿನಿಂದ ಇಳಿದು ಸಾಲಿನ ತುದಿಯವರೆಗೆ ನಡೆದು ಹೋಗಿ ಬಂದರು. ಅವರು ಹೋದುದರಿಂದ ಸಾಲೇನೂ ಕದಲಲಿಲ್ಲ. "ಸುಮ್ನ ಕುಂತ್ರ ದಾರಿ ಉದ್ದ ಆಗ್ತೈತಿ" ಎಂದು ಹೇಳಿ ಮತ್ತೆ ಹತ್ತಿದರು. ದಾರಿ ತೆರವಾದ ಮೇಲೆ ಬಲಗೈಯನ್ನು ಕಿಟಕಿಯಾಚೆ ಚಾಚಿ, ಅಂಗೈಯನ್ನು ನೆಲಕ್ಕೆ ಸಮನಾಗಿ ಹಿಡಿದರು. "ನೋಡು. ಸಪಾಟ ಹಿಡಿದ್ರ ಸುಮ್ನ ಇರ್ತೈತಿ. ಬಟ್ಟು ಒಂದೀಟು ಮ್ಯಾಲ ಮಾಡಿದ್ರ ಕೈ ತಾನ ಏಳ್ತೈತಿ. ಭಾಳ ಮಾಡಿದ್ರ ಹಿಂದಕ್ಕ ಬಡೀತೈತಿ. ಇಷ್ಟ ನೋಡು ನಮ್ಮ ಕಂಪನಿ."

ವಿಶ್ವವಿದ್ಯಾಲಯದಲ್ಲಿ ಇದನ್ನೇ ನಾನು ಒಂದು ಸೆಮಿಸ್ಟರ್ ಓದಿದ್ದೆ. ಅವರೂ ಓದಿದ್ದವರೇ. ಆದರೆ ಓದಿದ್ದನ್ನು ಹೇಳುವಾಗ ಅವರ ಕೈಕಾಲುಗಳೂ ಮಾತಾಡುತ್ತಿದ್ದವು.

ಬೇರೆ ಊರಿನಿಂದ ದೊಡ್ಡ ಸಾಹೇಬರು ಬಂದಾಗ ಹಂಪಿ ತೋರಿಸುವ ಕೆಲಸ ಮೇಡಂಗೆ ಬರುತ್ತಿತ್ತು. ಗೈಡ್ ಒಂದು ಮಂಟಪದ ಕಥೆ ಮುಗಿಸುವಷ್ಟರಲ್ಲಿ ಇವರು ಮುಂದಿನ ಮಂಟಪದಲ್ಲಿರುತ್ತಿದ್ದರು. ಸಾಹೇಬರೊಬ್ಬರು ಸುಸ್ತಾಗಿ, "ಕುಂದ್ರಿ ಮೇಡಂ, ಸ್ವಲ್ಪ ಕುಂದ್ರೋಣ" ಎಂದದ್ದಕ್ಕೆ ಇವರು, "ನೀವು ಕುಂದ್ರಿ ಸರ್, ನಾ ನಿಮ್ಮ ಸುತ್ತ ಇರ್ತೀನಿ" ಎಂದು, ನಿಜಕ್ಕೂ ಸಾಹೇಬರು ಕುಳಿತ ಕಟ್ಟೆಯನ್ನು ಸುತ್ತುತ್ತಲೇ ಇದ್ದರಂತೆ. ಅವರ ಮನೆಯ ವಿಷಯ ನಾನು ಕೇಳಲಿಲ್ಲ. ನನ್ನದನ್ನು ಅವರೂ ಕೇಳಲಿಲ್ಲ. ಮೆಟ್ರಿ ಊರಿನ, ಭತ್ತದ ಗದ್ದೆಯಿದ್ದ ಮನೆತನದವರು ಎನ್ನುವುದಷ್ಟೇ ಗೊತ್ತಿತ್ತು. ಈ ಏರ್ಪಾಡು ನಮ್ಮಿಬ್ಬರಿಗೂ ಹೊಂದುತ್ತಿತ್ತು.

ಒಂದು ದಿನ ಕಂಬದ ತುದಿಯಲ್ಲಿದ್ದಾಗ ಅವರ ಎಡಗಣ್ಣಿನ ಮೇಲೆ ಕಪ್ಪು ಪರದೆ ಇಳಿದಂತಾಯಿತು. ಯಾರಿಗೂ ಹೇಳದೆ ಏಣಿ ಇಳಿದು, ಜೀಪು ನಡೆಸಿಕೊಂಡು ಊರಿಗೆ ಬಂದರು. ಕಣ್ಣಿನ ಹಿಂದಿನ ಪೊರೆ, ರೆಟಿನಾ, ಹರಿದಿತ್ತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು, ಆ ಕಣ್ಣಿಗೆ ದೃಷ್ಟಿ ಮರಳಲಿಲ್ಲ. ಬಲಗಣ್ಣಿನ ಪೊರೆಯೂ ತೆಳ್ಳಗಿದೆ. ಎತ್ತರ ಹತ್ತಬಾರದು, ಬೀಳಬಾರದು, ತಲೆಗೆ ಪೆಟ್ಟು ಕುಲುಕು ಏನೂ ಆಗಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿ ಕಳಿಸಿದರು. ಕಂಪನಿ ಅವರನ್ನು ನಮ್ಮ ಆಫೀಸಿಗೆ ತಂದು, ನನ್ನ ಪಕ್ಕದ ಟೇಬಲ್ಲಿಗೆ ಹಾಕಿತು. ಅವರು ಆ ಟೇಬಲ್ಲಿನ ಮೇಲೆ ಎರಡು ಖಾಲಿ ರಟ್ಟಿನ ಪೆಟ್ಟಿಗೆ ಇಟ್ಟು, ಅದರ ಮೇಲೆ ಕಂಪ್ಯೂಟರ್ ಇಟ್ಟು, ನಿಂತು ಕೆಲಸ ಮಾಡತೊಡಗಿದರು.

ಒಂದು ಸಂಜೆ ಕೇಳಿದರು. "ನಿನಗ ಈಸಾಕ ಬರ್ತೈತೇನು?"

"ಬರ್ತೈತ್ರಿ." ಕಂಪ್ಲಿಯಲ್ಲಿ ಬೆಳೆದವಳು ನಾನು. ಅಣ್ಣಂದಿರ ಜೊತೆ ಕಾಲುವೆಯಲ್ಲಿ ಕಲಿತಿದ್ದೆ.

"ಭಾನುವಾರ ಏನ್ ಮಾಡ್ತಿ?"

"ಬಟ್ಟೆ ಒಗೀತೀನಿ."

"ಬಟ್ಟಿ ಎಲ್ಲಿ ಓಡಿ ಹೋಗ್ತಾವು. ಬಾ."

ಅವರು ಮೊದಲು ತಮಿಳುನಾಡಿನ ಸಮುದ್ರದಂಚಿನ ಸೈಟೊಂದರಲ್ಲಿದ್ದರು. ಅಲ್ಲಿ ರಜೆಯ ದಿನಗಳಲ್ಲಿ ವಿಂಗ್ ಫಾಯಿಲಿಂಗ್ ಕಲಿತಿದ್ದರು. ಅಗಲವಾದ ಒಂದು ಬೋರ್ಡು. ಅದರ ಕೆಳಗೆ ನೀರಿನೊಳಕ್ಕೆ ಇಳಿಬಿದ್ದ ಒಂದು ಉದ್ದ ಕಾಲು. ಆ ಕಾಲಿನ ತುದಿಯಲ್ಲಿ ಸಣ್ಣ ವಿಮಾನದಂಥ ಲೋಹದ ರೆಕ್ಕೆ. ಅದೇ ಫಾಯಿಲು. ಬೋರ್ಡಿನ ಮೇಲೆ ನಿಂತವರ ಕೈಯಲ್ಲಿ ಗಾಳಿ ತುಂಬಿದ ಇನ್ನೊಂದು ದೊಡ್ಡ ಬಟ್ಟೆಯ ರೆಕ್ಕೆ. ಕೈಯ ರೆಕ್ಕೆ ಗಾಳಿ ಹಿಡಿದು ಎಳೆಯುತ್ತದೆ, ಬೋರ್ಡು ಓಡುತ್ತದೆ, ಓಟ ಸಾಕಷ್ಟಾದಾಗ ನೀರಿನೊಳಗಿನ ರೆಕ್ಕೆ ಮನುಷ್ಯರನ್ನು ಬೋರ್ಡಿನ ಸಮೇತ ಮೇಲಕ್ಕೆತ್ತುತ್ತದೆ. ಆಮೇಲೆ ಬೋರ್ಡು ನೀರಿಗೆ ತಾಗುವುದೇ ಇಲ್ಲ. ಮೇಡಂ ಅದನ್ನೆಲ್ಲ ಕಟ್ಟಿಕೊಂಡು ಊರಿಗೆ ತಂದಿದ್ದರು. ನಮ್ಮ ಡ್ಯಾಮಿನ ಹಿನ್ನೀರಿನಲ್ಲಿ ಒಮ್ಮೆ ಏಳಬೇಕು ಎಂಬುದು ಅವರ ಆಸೆ. ಅಷ್ಟರಲ್ಲಿ ಕಣ್ಣು ಹೋಯಿತು. ಈಗ ತಮ್ಮ ಬದಲು ನನಗೆ ಕಲಿಸಿ ನನ್ನನ್ನು ಏಳಿಸಲು ಹೊರಟಿದ್ದರು.

ನಮ್ಮಲ್ಲಿ ಆಷಾಢದಲ್ಲಿ ಗಾಳಿಯಿರುತ್ತದೆ, ಡ್ಯಾಮಿನಲ್ಲಿ ನೀರಿರುವುದಿಲ್ಲ. ಮೇಲೆ ಮಳೆಯಾಗಿ ನೀರು ಬರುವಷ್ಟರಲ್ಲಿ ಗಾಳಿ ಇಳಿಯತೊಡಗುತ್ತದೆ. ನಡುವೆ ಎರಡೂ ಇರುವ ದಿನಗಳು ಕೆಲವೇ. ಆ ದಿನಗಳ ಭಾನುವಾರ ಮಧ್ಯಾಹ್ನಗಳಲ್ಲಿ ನಾನು ಅವರ ಜೀಪು ನಡೆಸುತ್ತಿದ್ದೆ. ಪಕ್ಕದಲ್ಲಿ ಕುಳಿತ ಅವರು ಇಲ್ಲದ ಬ್ರೇಕನ್ನು ತುಳಿಯುತ್ತಿದ್ದರು. ಮೀನುಗಾರರ ನಾಲ್ಕಾರು ಗುಡಿಸಲುಗಳಿದ್ದ ಒಂದು ದಂಡೆಗೆ ಹೋಗುತ್ತಿದ್ದೆವು. ಅಲ್ಲಿ ಹುಲಿಗೆಪ್ಪ ಎಂಬುವನ ಹರಗೋಲು ಇತ್ತು. ನಾನು ದೂರ ತೇಲಿ ಹೋದಾಗ ಎಳೆದು ತರುವುದಕ್ಕೆ ಮೇಡಂ ಅವನನ್ನು ಒಪ್ಪಿಸಿದ್ದರು.

"ಏನ್ರೀ ಮೇಡಂ ಇದು, ಛತ್ರಿ ಹಿಡ್ಕೊಂಡು ಈಸಾಡ್ತಾರ?" ಎಂದು ಅವನು ಮೊದಲ ದಿನವೇ ಕೇಳಿದ.

"ಛತ್ರಿ ಅಲ್ಲೋ, ರೆಕ್ಕಿ. ಈಕಿ ಹಾರ್ತಾಳ ನೋಡು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಲೈಫ್ ಜಾಕೆಟ್ಟು, ಹೆಲ್ಮೆಟ್ಟು, ತೋಳು ತುಂಬ ಅಂಗಿ. "ಹಾರ್ಲಿ ಬಿಡ್ರಿ. ಮೀನಿನ ಬಲಿ ಹರೀದಿದ್ರ ಆತು" ಎಂದ.

ಹಾರುವುದು ದೂರವೇ ಉಳಿಯಿತು. ಮೊಣಕಾಲ ಮೇಲೆ ಕುಳಿತು, ರೆಕ್ಕೆಯನ್ನು ತಲೆಯ ಮೇಲೆ ಹಿಡಿದು, ಒಂದು ಕಾಲಿಟ್ಟು, ಇನ್ನೊಂದು ಕಾಲಿಟ್ಟು ನಿಲ್ಲುವುದನ್ನು ಕಲಿತೆ. ಬೋರ್ಡು ಓಡುತ್ತಿತ್ತು. ಅದರ ಹೊಟ್ಟೆ ಅಲೆಗಳಿಗೆ ಚಟಚಟ ಬಡಿಯುತ್ತಿತ್ತು. ಆ ಸಪ್ಪಳ ಚುರುಕಾದ ಹೊತ್ತಿಗೆ ಏನಾಗುತ್ತಿತ್ತೋ, ಬೋರ್ಡಿನ ಮೂತಿ ಮೇಲೆದ್ದು, ಫಾಯಿಲು ನೀರಿನಿಂದ ಹೊರಗೆ ನೆಗೆದು, ನಾನು ಬೆನ್ನ ಮೇಲೆ ಬೀಳುತ್ತಿದ್ದೆ. ಹುಲಿಗೆಪ್ಪ ಬಂದು ಹರಗೋಲಿನ ಅಂಚನ್ನು ನನಗೆ ಹಿಡಿಸಿ ಎಳೆದು ತರುತ್ತಿದ್ದ. ದಂಡೆ ಹತ್ತಿರವಾದಾಗ ತನ್ನ ಹೆಂಡತಿಗೆ ಕೇಳುವಂತೆ ಹೇಳುತ್ತಿದ್ದ. "ಇವತ್ತೂ ಮೀನು ಬಿದ್ದಿಲ್ಲ. ಮೇಡಂ ಒಬ್ರ ಸಿಕ್ರು."

ಮೇಡಂ ಮೊದಲ ಭಾನುವಾರ ದಂಡೆಯ ಕಲ್ಲುಗಳ ಮೇಲೆ ಅತ್ತಿಂದಿತ್ತ ನಡೆದಾಡುತ್ತಿದ್ದರು. ಮುಂದಿನ ಭಾನುವಾರ ಪಾದ ಮುಳುಗುವಷ್ಟು ನೀರಿನಲ್ಲಿ ನಡೆದಾಡಿದರು. ನಾನು ಬಿದ್ದು ಮೇಲೆದ್ದಾಗಲೆಲ್ಲ ಒಂದು ಮಾತು ಬರುತ್ತಿತ್ತು: "ಜಲ್ದಿ ಆತು", "ಹಿಂದ ಬಿದ್ದಿ", "ಏಳಾಕ ಹೋಗಬ್ಯಾಡ. ಓಡು. ಅದ ಏಳ್ತೈತಿ." ಆಮೇಲೆ, "ಕೊಡು ಇಲ್ಲಿ. ಒಮ್ಮೆ ತೋರಿಸಿಬಿಡ್ತೀನಿ."

"ಬ್ಯಾಡ್ರಿ ಮೇಡಂ. ಡಾಕ್ಟರು ಹೇಳ್ಯಾರ."

"ಡಾಕ್ಟ್ರು ಬೀಳಬ್ಯಾಡ ಅಂದಾರ. ಏಳಬ್ಯಾಡ ಅಂದಿಲ್ಲ."

ನಕ್ಕು ಅಲ್ಲಿಗೇ ಬಿಡುತ್ತಿದ್ದರು. ಆದರೆ ಮುಂದಿನ ಬಾರಿ ನೋಡಿದರೆ ನೀರು ಅವರ ಮೊಣಕಾಲಿಗೆ ಬಂದಿರುತ್ತಿತ್ತು. ನನಗೆ ಆಗ ಅರ್ಥವಾಯಿತು. ಬೋರ್ಡಿನ ಮೇಲೆ ನನ್ನ ಕಾಲು ಇರುವಷ್ಟು ಹೊತ್ತು ತಮ್ಮ ಕಾಲನ್ನು ಅಲ್ಲಿ ಇಡುವುದಿಲ್ಲ ಎಂದು ಅವರು ತಮ್ಮೊಂದಿಗೇ ಒಂದು ಒಪ್ಪಂದ ಮಾಡಿಕೊಂಡಿದ್ದರು. ನಾನು ಬಿದ್ದಷ್ಟೂ ಆ ಒಪ್ಪಂದ ಸಡಿಲವಾಗುತ್ತಿತ್ತು. ಅವರು ನೀರಿಗೆ ಅಪ್ಪಳಿಸಿದರೆ ಉಳಿದ ಕಣ್ಣೂ ಹೋಗಬಹುದು. ನಾನು ಬೇಗ ಏಳಬೇಕಿತ್ತು. ಹಾಗೆ ಅವಸರಪಟ್ಟಷ್ಟೂ ಹಿಂದಕ್ಕೆ ಬೀಳುತ್ತಿದ್ದೆ. ವಾರದ ದಿನಗಳಲ್ಲಿ ಆಫೀಸಿನಲ್ಲಿ ಕುಳಿತಾಗಲೂ ನನ್ನ ಹಿಮ್ಮಡಿಗಳು ನೆಲವನ್ನು ಒತ್ತುತ್ತಿದ್ದವು. ನನಗೂ ಕುರ್ಚಿ ಸಾಕಾಗತೊಡಗಿತು.

ಒಂದು ಮಧ್ಯಾಹ್ನ ಮಂಡಕ್ಕಿ ತಿನ್ನುತ್ತ ನಿಂತಿದ್ದಾಗ ಅವರು ಇದ್ದಕ್ಕಿದ್ದಂತೆ ಕೇಳಿದರು. "ಸಣ್ಣಾಕಿ ಇದ್ದಾಗ ಗದ್ದಿ ಹಲಗಿ ಮ್ಯಾಲ ನಿಂತಿದ್ದೇನು?"

ನಿಂತಿದ್ದೆ. ಭತ್ತದ ನಾಟಿಗೆ ಮುಂಚೆ ಕೆಸರು ಗದ್ದೆಯನ್ನು ಸಮ ಮಾಡಲು ಎತ್ತುಗಳಿಗೆ ಉದ್ದನೆಯ ಹಲಗೆ ಕಟ್ಟಿ ಎಳೆಸುತ್ತಿದ್ದರು. ಭಾರಕ್ಕೆಂದು ಮಕ್ಕಳನ್ನು ಅದರ ಮೇಲೆ ನಿಲ್ಲಿಸುತ್ತಿದ್ದರು. ಕಂಪ್ಲಿಯಲ್ಲಿ ತಾತನ ಗದ್ದೆಯಲ್ಲಿ ಅದು ನನ್ನ ಅತ್ಯಂತ ಸಂತೋಷದ ಕೆಲಸವಾಗಿತ್ತು. ಹಗ್ಗ ಹಿಡಿದು, ಹಿಮ್ಮಡಿ ಊರಿ, ಮೈಯನ್ನು ಹಿಂದಕ್ಕೆ ಚೆಲ್ಲಿ ನಿಲ್ಲಬೇಕು. ಮುಂದಕ್ಕೆ ವಾಲಿದರೆ ಕೆಸರಿಗೆ ಮುಖ.

"ಅದ ನೋಡು" ಎಂದರು ಅವರು. "ನೀ ರೆಕ್ಕಿ ಹಿಡ್ಕೊಂಡಿಲ್ಲ, ಹಗ್ಗ ಹಿಡ್ಕೊಂಡಿ. ಗಾಳಿ ಎಳದ ಕೂಡ್ಲೆ ಎತ್ತು ಎಳದಂಗ ಹಿಂದಕ್ಕ ಜೋತು ಬೀಳ್ತಿ. ಸಮುದ್ರದಾಗ ನನಗ ಕಲಿಸಿದಾವ ತಲಿ ಚಚ್ಚಿಕೊಂಡ. ಎಲ್ಲಾರೂ ಮುಂದ ಬೀಳ್ತಾರ, ನೀ ಒಬ್ಬಾಕಿ ಹಿಂದ್ಯಾಕ ಬೀಳ್ತಿ ಅಂತ. ಮೆಟ್ರಿ ಗದ್ದಿ ಅವನಿಗೇನ್ ಗೊತ್ತು." ಅವರು ಮಂಡಕ್ಕಿಯ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು, ದಂಡೆಯ ಮಣ್ಣಿನ ಮೇಲೆ ನಿಂತು ತೋರಿಸಿದರು. ಮುಂದಿನ ಕಾಲಿನ ಮೇಲೆ ಭಾರ, ಸೊಂಟ ಮುಂದೆ, ಎದೆ ತೆರೆದು, ಗದ್ದ ಮೇಲೆ. "ಇಲ್ಲಿ ಎತ್ತಿಲ್ಲ. ನಿನ್ನ ಯಾರೂ ಎಳ್ಕೊಂಡು ಹೋಗಂಗಿಲ್ಲ. ನೀನ ಹೋಗಬೇಕು."

ಹೇಳುವುದು ಸುಲಭ. ಮೈ ಚಿಕ್ಕಂದಿನಲ್ಲಿ ಕಲಿತದ್ದನ್ನು ಬಿಡಲು ಒಪ್ಪುವುದಿಲ್ಲ. ಆ ದಿನವೂ ಬಿದ್ದೆ. ಆದರೆ ಈಗ ಒಮ್ಮೊಮ್ಮೆ ಮುಂದಕ್ಕೆ ಬೀಳುತ್ತಿದ್ದೆ. "ಮಸ್ತ್! ಮುಂದ ಬಿದ್ಲು ಹುಲಿಗೆಪ್ಪ, ಮುಂದ ಬಿದ್ಲು" ಎಂದು ಅವರು ಹಿಗ್ಗಿದರು. ಅವನಿಗೆ ಏನೂ ಅರ್ಥವಾಗಲಿಲ್ಲ. "ಎಲ್ಲಿ ಬಿದ್ರೂ ನಾನ ಹೋಗಬೇಕಲ್ರಿ" ಎಂದು ಹುಟ್ಟು ತೆಗೆದುಕೊಂಡ.

ಕೊನೆಯ ಭಾನುವಾರ ನೀರು ಮೀನುಗಾರರ ಗುಡಿಸಲುಗಳ ಹತ್ತಿರಕ್ಕೆ ಬಂದಿತ್ತು. ಬಿಸಿಲಿತ್ತು. ಗಾಳಿ ಆಗಾಗ ನಿಂತು ನಿಂತು ಬೀಸುತ್ತಿತ್ತು. ಇನ್ನು ಈ ವರ್ಷಕ್ಕೆ ಮುಗಿಯಿತು ಎನ್ನುವುದು ನಮ್ಮ ಮೂವರಿಗೂ ಗೊತ್ತಿತ್ತು. ಮೇಡಂ ಸೊಂಟದವರೆಗಿನ ನೀರಿನಲ್ಲಿ ನಿಂತು ಬೋರ್ಡು ಹಿಡಿದುಕೊಟ್ಟರು. ಅವರೂ ಲೈಫ್ ಜಾಕೆಟ್ ಹಾಕಿಕೊಂಡಿದ್ದನ್ನು ನೋಡಿದೆ.

ಒಂದು ಒಳ್ಳೆಯ ಗಾಳಿ ಬಂತು. ನಿಂತೆ. ಬೋರ್ಡು ಚಟಚಟ ಎನ್ನತೊಡಗಿತು. ಹಿಮ್ಮಡಿ ಊರಲು ಮೈ ಹವಣಿಸಿತು. ಮುಂದಿನ ಕಾಲನ್ನು ಒತ್ತಿ, ಗದ್ದ ಎತ್ತಿ, ಆಚೆ ದಂಡೆಯ ಗುಡ್ಡವನ್ನು ನೋಡಿದೆ. ಸಪ್ಪಳ ಚುರುಕಾಯಿತು, ಇನ್ನೂ ಚುರುಕಾಯಿತು, ಆಮೇಲೆ ನಿಂತುಹೋಯಿತು. ಬಿದ್ದೆ ಎಂದುಕೊಂಡೆ. ಬಿದ್ದಿರಲಿಲ್ಲ. ನೀರು ಕೆಳಗಿತ್ತು. ಕಾಲ ಕೆಳಗಿನ ಬೋರ್ಡು ಯಾವುದಕ್ಕೂ ತಾಗದೆ, ಎಣ್ಣೆಯ ಮೇಲೆ ಜಾರಿದಂತೆ ಹೋಗುತ್ತಿತ್ತು. ಹರಗೋಲಿನ ಪಕ್ಕದಲ್ಲೇ ಹಾದೆ. ಹುಲಿಗೆಪ್ಪ ಹುಟ್ಟು ಹಾಕುವುದನ್ನು ಬಿಟ್ಟು ನೋಡುತ್ತಿದ್ದ. ಮೇಡಂ ನಿಂತಿದ್ದ ಜಾಗದ ಎದುರಿನಿಂದಲೇ ಹೋದೆ. ಆಮೇಲೆ ಬಿದ್ದೆ.

ಹರಗೋಲು ಹಿಡಿದುಕೊಂಡು ಮರಳಿ ಬಂದಾಗ ಅವರು ಇನ್ನೂ ಮುಂದೆ ಬಂದು, ಎದೆಯವರೆಗಿನ ನೀರಿನಲ್ಲಿದ್ದರು. ನಗು ಇರುತ್ತದೆ ಎಂದುಕೊಂಡಿದ್ದೆ. ಮುಖ ಬಿಗಿದಿತ್ತು.

"ಬಿದ್ದೇನು?"

"ಎದ್ದೆ ರೀ ಮೇಡಂ."

"ಎದ್ದಿ? ಎಲ್ಲಿ?"

"ಇಲ್ಲೇ. ನಿಮ್ಮೆದುರಿಗೇ."

ಅವರು ಹುಲಿಗೆಪ್ಪನ ಕಡೆ ತಿರುಗಿದರು. ಅವನು, "ಎದ್ರಲ್ರಿ, ಕೊಕ್ಕರಿ ಹೋದಂಗ ಹೋದ್ರು. ನೀವು ನೋಡಲಿಲ್ಲೇನು?" ಎಂದ.

ಮೇಡಂ ಬೋರ್ಡಿನ ಅಂಚು ಹಿಡಿದು ದಂಡೆಯ ಕಡೆ ನಡೆಯತೊಡಗಿದರು. ನಾನು ಹಿಂದೆಯೇ ಹೋದೆ. ಕಲ್ಲುಗಳ ಹತ್ತಿರ ಬಂದ ಮೇಲೆ ಸಣ್ಣ ದನಿಯಲ್ಲಿ ಹೇಳಿದರು. "ನನಗ ಅಲ್ಲಿತನಕ ಕಾಣಂಗಿಲ್ಲ. ಬಿಸಲಿಗೆ ನೀರೆಲ್ಲ ಒಂದ ಬೆಳ್ಳಗ ಕಾಣ್ತೈತಿ. ಈ ಕಣ್ಣೂ ಹೋಗಾಕ ಸುರು ಆಗೇತಿ. ಇನ್ನಾ ಯಾರಿಗೂ ಹೇಳಿಲ್ಲ."

"ಮತ್ತೆ ಇಷ್ಟು ದಿನ..."

"ಬೋರ್ಡಿನ ಸಪ್ಪಳ ಕೇಳಿ ಹೇಳ್ತಿದ್ದೆ. ಜಲ್ದಿ ಎದ್ರ ಒಂದು ಸಪ್ಪಳ, ಹಿಂದ ಬಿದ್ರ ಒಂದು ಸಪ್ಪಳ. ಖರೇನ ಎದ್ರ ಸಪ್ಪಳ ಇರಂಗಿಲ್ಲ. ಸಪ್ಪಳ ನಿಂತ ಮ್ಯಾಲ ಏಳ್ತೋ, ಮುಳುಗ್ತೋ ನನಗೇನ್ ಗೊತ್ತಾಗಬೇಕು."

ಅವರು ಕೈ ಚಾಚಿದರು. "ಕೊಡು ರೆಕ್ಕಿ."

"ಬ್ಯಾಡ್ರಿ."

"ಈ ಕಣ್ಣು ಹೆಂಗೂ ಹೋಗೋದೈತಿ. ಇರೋತನಕ ಒಮ್ಮೆ. ಮುಂದಿನ ವರ್ಷದ ಗಾಳಿಗೆ ನನಗ ದಂಡಿ ಎಲ್ಲಿ, ನೀರು ಎಲ್ಲಿ ಗೊತ್ತಾಗಂಗಿಲ್ಲ. ಕೊಡು."

ಅದು ಸುಳ್ಳು ವಾದವಾಗಿರಲಿಲ್ಲ. ಅವರ ಕಣ್ಣು, ಅವರ ರೆಕ್ಕೆ. ಈಗಲೂ ಯೋಚಿಸಿದಾಗ ಅವರದೇ ಸರಿ ಎಂದು ಕೆಲವು ದಿನ ಅನ್ನಿಸುತ್ತದೆ. ಆದರೆ ಆ ಹೊತ್ತಿನಲ್ಲಿ ಅವರು ನನ್ನ ಕೈಯ ಹಿಡಿಕೆಗೆ ತಮ್ಮ ಕೈ ಹಾಕಿದ ಕ್ಷಣ, ನಾನು ರೆಕ್ಕೆಯ ಅಂಚಿನಲ್ಲಿದ್ದ ಗಾಳಿಬಾಯಿಯ ಮುಚ್ಚಳವನ್ನು ತಿರುಗಿಸಿ ತೆಗೆದುಬಿಟ್ಟೆ. ತುಂಬಿದ್ದ ಗಾಳಿ ಭುಸ್ಸೆಂದು ಹೊರಗೆ ನುಗ್ಗಿತು. ರೆಕ್ಕೆ ನಮ್ಮಿಬ್ಬರ ನಡುವೆ ಮಡಚಿಕೊಂಡು ಕಲ್ಲಿನ ಮೇಲೆ ಬಿತ್ತು.

"ಏನ್ ಮಾಡಿದಲೇ?"

"ಗಾಳಿ ಬಿಟ್ಟೆ ರೀ."

ಹುಲಿಗೆಪ್ಪ ಹರಗೋಲನ್ನು ದೂರಕ್ಕೆ ತೆಗೆದುಕೊಂಡು ಹೋದ. ಮೇಡಂ ನನ್ನನ್ನು ಬೈಯುತ್ತಾರೆ ಎಂದು ನಿಂತಿದ್ದೆ. ಅವರು ಆ ಬಟ್ಟೆಯನ್ನು ಕಾಲಿನಿಂದ ಸ್ವಲ್ಪ ಸರಿಸಿದರು. ದಂಡೆಗುಂಟ ಒಂದಷ್ಟು ದೂರ ಹೋದರು, ತಿರುಗಿ ಬಂದರು, ಮತ್ತೆ ಹೋದರು. ಗಾಳಿ ನಿಂತಿತ್ತು. ಮತ್ತೆ ಬಂತು. ಅದು ಬಂದಾಗ ಅವರು ಅಲ್ಲಿಯೇ ನಿಂತು ಮುಖವನ್ನು ಅದಕ್ಕೆ ಕೊಟ್ಟರು.

"ನಿನ್ನಂಥ ಗಪ್ ಇರೋರು ಭಾಳ ಡೇಂಜರ್ ನೋಡು" ಎಂದರು ಕೊನೆಗೆ. ಲೈಫ್ ಜಾಕೆಟ್ಟಿನ ಬಕ್ಕಲು ಬಿಚ್ಚಿ, ಅದನ್ನು ಜೀಪಿನೊಳಗೆ ಎಸೆದರು. ಅಲ್ಲಿಂದಲೇ ಕೈಪಂಪು ತಂದು ನನ್ನ ಮುಂದೆ ಇಟ್ಟರು. "ತುಂಬು ಮತ್ತ."

ನಾನು ಅವರ ಮುಖ ನೋಡಿದೆ.

"ನಾ ಹೋಗಂಗಿಲ್ಲ. ನೀ ಹೋಗು. ಗಾಳಿ ಸುಮ್ನ ಹೊಂಟೈತಿ, ತುಂಬು ಜಲ್ದಿ." ನಾನು ಪಂಪು ಹೊಡೆಯುತ್ತಿದ್ದಾಗ ಅವರು ಪಡುವಣ ದಿಕ್ಕಿಗೆ ಬೆರಳು ಮಾಡಿದರು. "ದಂಡಿಗುಂಟ ಆ ಜಾಲಿ ಗಿಡದತನಕ ನಡೀ. ಅಲ್ಲಿಂದ ಏಳು. ಗಾಳಿ ಅಲ್ಲಿಂದ ಈಕಡಿ ಬರ್ತೈತಿ, ದನೀನೂ ಬರ್ತೈತಿ. ಎದ್ದ ಕೂಡ್ಲೆ ಒದರು."

"ಏನಂತ ಒದರಲಿ?"

"ಏನರ ಒದರು. ಎದ್ದಿರೋತನಕ ಒದರು. ಎಷ್ಟು ದೂರ ಹೋದಿ ಅಂತ ನನಗ ಗೊತ್ತಾಗಬೇಕು."

ನಾನು ಜೋರಾಗಿ ಮಾತಾಡುವವಳಲ್ಲ. ಕಾಲೇಜಿನಲ್ಲಿ ಹಾಜರಿ ಕರೆದಾಗ ನನ್ನ ಉತ್ತರ ಕೇಳದೆ ಎಷ್ಟೋ ಸಲ ಗೈರುಹಾಜರಿ ಬಿದ್ದಿದೆ. ಬೋರ್ಡನ್ನು ಕಂಕುಳಲ್ಲಿ, ರೆಕ್ಕೆಯನ್ನು ತಲೆಯ ಮೇಲೆ ಹಿಡಿದು ಜಾಲಿ ಗಿಡದವರೆಗೆ ನಡೆದೆ. ನೀರಿಗಿಳಿದು ಕಾದೆ. ಬಂದ ಮೊದಲ ಗಾಳಿಗೆ ನಿಲ್ಲಲಾಗಲಿಲ್ಲ. ಎರಡನೆಯದಕ್ಕೆ ನಿಂತೆ, ಓಡಿದೆ, ಸಪ್ಪಳ ಚುರುಕಾಗಿ ನಿಂತುಹೋಯಿತು.

ಒದರಿದೆ. ಮೊದಲು ಬಂದದ್ದು ದನಿಯೋ ಉಸಿರೋ ನನಗೇ ತಿಳಿಯಲಿಲ್ಲ. ಆಮೇಲೆ ಗಂಟಲು ಬಿಚ್ಚಿತು. ಅದಕ್ಕೆ ಅಕ್ಷರವಿರಲಿಲ್ಲ. ಗದ್ದೆಯಲ್ಲಿ ಹಕ್ಕಿ ಓಡಿಸುವವರ ಹಾಗೆ, ಒಂದೇ ಉದ್ದನೆಯ ಕೂಗು. ಗುಡಿಸಲುಗಳಿಂದ ಜನ ಹೊರಗೆ ಬಂದರು. ದಂಡೆಯಲ್ಲಿ ಮೇಡಂ ತಲೆಯನ್ನು ಒಂದು ಕಡೆ ವಾಲಿಸಿ ನಿಂತಿದ್ದರು. ನನ್ನ ದನಿ ಅವರೆದುರಿಗೆ ಬಂತು, ದಾಟಿತು. ಅವರು ಓಡತೊಡಗಿದರು. ಕಲ್ಲು, ಒಣಗಿದ ಬಲೆ, ಹಗ್ಗದ ಗೂಟ ಯಾವುದನ್ನೂ ನೋಡದೆ, ಮುಖವನ್ನು ನೀರಿನ ಕಡೆಗಿಟ್ಟು ನನ್ನ ದನಿಯ ಪಕ್ಕಪಕ್ಕದಲ್ಲೇ ಓಡುತ್ತಿದ್ದರು. ನಾನು ಬಾಯಿ ಮುಚ್ಚಿದರೆ ಅವರು ನಿಲ್ಲುತ್ತಾರೆ ಎಂದು ನನಗೆ ಗೊತ್ತಿತ್ತು. ಬೀಳುವವರೆಗೂ ನಾನು ಬಾಯಿ ಮುಚ್ಚಲಿಲ್ಲ.